ಬಿಚ್ಚುವ ವಾರ

೧

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಒಳಗೆ ಬನ್ನಿ ಅನ್ನೋಣವೆಂದರೆ ಒಳಗೆ ಎನ್ನುವುದೇ ಇನ್ನೂ ಇಲ್ಲ. ನಾನು ಬಾಗಿಲೊಂದನ್ನು ಮಾತ್ರ ಬರೆದಿದ್ದೇನೆ. ಕಥೆಯನ್ನು ಹೀಗೆ ಶುರು ಮಾಡಬಾರದು ಎಂದು ನನಗೂ ಗೊತ್ತು. ಮೊದಲು ಕೋಣೆ, ಆಮೇಲೆ ಕೋಣೆಯಲ್ಲಿ ಮನುಷ್ಯರು, ಆಮೇಲೆ ಅವರಿಗೊಂದು ಕಷ್ಟ, ಅದೆಲ್ಲ ಆದಮೇಲೆ ಬಾಗಿಲು ತಟ್ಟುವವರು. ಕ್ರಮ ಅಂದರೆ ಅದು. ಆದರೆ ಈಕೆ ಎಲ್ಲರಿಗಿಂತ ಮೊದಲೇ ಬಂದುಬಿಟ್ಟಿದ್ದಾಳೆ. ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತಿದ್ದಾಳೆ.

ಹೆಚ್ಚು ಹೊತ್ತು ಕಾಯಿಸಿದರೆ ಹೋಗಿಯೇಬಿಟ್ಟಾಳು ಎಂಬ ಭಯ ನನಗೆ. ಇರಿ, ಗಡಿಬಿಡಿಯಲ್ಲಿ ಒಂದು ಕೋಣೆ ಕಟ್ಟುತ್ತೇನೆ.

೨

ಒಂದು ಕಲಾಶಾಲೆ. ಅದರ ಹಿಂಬದಿಗೆ ಒಂದು ಶೆಡ್ಡು. ಮೊದಲು ಅಲ್ಲಿ ಸೈಕಲ್ ನಿಲ್ಲಿಸುತ್ತಿದ್ದರು. ಈಗ ಉದ್ದನೆಯ ಮರದ ಮೇಜುಗಳಿವೆ, ಮೇಜಿನ ಅಂಚಿಗೆ ಬಿಗಿದ, ಲೋಹವನ್ನು ಕಚ್ಚಿ ಹಿಡಿಯುವ ವೈಸುಗಳಿವೆ, ಗೋಡೆಯ ಮೊಳೆಗಳಲ್ಲಿ ಇಕ್ಕಳ, ತಗಡು ಕತ್ತರಿ, ಸುತ್ತಿಗೆ. ಮೂಲೆಯಲ್ಲಿ ಡ್ರಮ್ಮುಗಳು: ಒಂದರಲ್ಲಿ ಚಪ್ಪಟೆ ಬಡಿದ ಡಬ್ಬಿಗಳು, ಇನ್ನೊಂದರಲ್ಲಿ ಸೈಕಲ್ ಚೈನು, ಕಡ್ಡಿ, ಬೇರಿಂಗು. ಎಲ್ಲಕ್ಕಿಂತ ದೊಡ್ಡ ಡ್ರಮ್ಮಿನಲ್ಲಿ ತಂತಿ. ಕಟ್ಟಡ ಕೆಲಸದವರು ಬಿಟ್ಟುಹೋದ ಕಟ್ಟುತಂತಿ, ಬಟ್ಟೆಯ ಹ್ಯಾಂಗರು, ಕೆಟ್ಟ ಫ್ಯಾನಿನ ಹೊಟ್ಟೆಯಿಂದ ತೆಗೆದ ತಾಮ್ರ. ಒಳಗೆ ಬಂದವರ ಮೂಗಿಗೆ ಮೊದಲು ಬಡಿಯುವುದು ತುಕ್ಕಿನ ವಾಸನೆ. ಮನೆಗೆ ಹೋಗಿ ಎಷ್ಟು ಸೋಪು ಹಾಕಿದರೂ ಅದು ಬೆರಳು ಬಿಟ್ಟು ಹೋಗುವುದಿಲ್ಲ.

ಇಲ್ಲಿ ಪಾಠ ಮಾಡುವವರನ್ನು ವಿದ್ಯಾರ್ಥಿಗಳು ಎದುರಿಗೆ ಸರ್ ಎನ್ನುತ್ತಾರೆ, ಬೆನ್ನ ಹಿಂದೆ ಗುಜರಿ ಮೇಷ್ಟ್ರು ಎನ್ನುತ್ತಾರೆ. ಎರಡೂ ಮೇಷ್ಟ್ರ ಕಿವಿಗೆ ಬಿದ್ದಿವೆ. ಎರಡನೆಯದೇ ಅವರಿಗೆ ಇಷ್ಟ. (ಇದು ನಿಮಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಈಗಷ್ಟೇ ತೀರ್ಮಾನಿಸಿದೆ.)

ಹೊಸಬರು ಬಂದಾಗ ಅವರು ಮೊದಲು ಕಲಿಸುವುದು ಶಿಲ್ಪ ಮಾಡುವುದನ್ನಲ್ಲ, ತಂತಿಯನ್ನು ನೆಟ್ಟಗೆ ಮಾಡುವುದನ್ನು. ಸೊಟ್ಟ ತಂತಿಯ ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ಮೈಭಾರವನ್ನೆಲ್ಲ ಹಾಕಿ ಹಿಂದಕ್ಕೆ ಎಳೆಯಬೇಕು. ಸ್ವಲ್ಪ ಹೊತ್ತು ಅದು ಹಟ ಹಿಡಿಯುತ್ತದೆ. ಆಮೇಲೆ ತಟಕ್ಕನೆ ಸೋತು ನೆಟ್ಟಗಾಗುತ್ತದೆ. ಆಗ ಎಳೆಯುತ್ತಿದ್ದವರು ಹಿಂದಕ್ಕೆ ಬೀಳುತ್ತಾರೆ, ಉಳಿದವರು ನಗುತ್ತಾರೆ. ವರ್ಷವಿಡೀ ಆ ಕೋಣೆಯಲ್ಲಿ ಜೋರಾಗಿ ನಗುವ ದಿನ ಅದೊಂದೇ.

ಇನ್ನು ಅವರ ನಿಯಮಗಳು. ವೆಲ್ಡಿಂಗ್ ಇಲ್ಲ, ಅಂಟು ಇಲ್ಲ, ಬಣ್ಣ ಇಲ್ಲ. ಏನಿದ್ದರೂ ಕಟ್ಟಬೇಕು, ಮಡಿಸಬೇಕು, ಹೆಣೆಯಬೇಕು. ಯಾಕೆಂದರೆ ಟರ್ಮಿನ ಕೊನೆಯ ವಾರ ಬಿಚ್ಚುವ ವಾರ. ಅಂಕ ಕೊಟ್ಟಾದ ಮೇಲೆ ಪ್ರತಿಯೊಬ್ಬರೂ ತಾವು ಮಾಡಿದ್ದನ್ನು ತಾವೇ ಬಿಚ್ಚಿ, ತಂತಿಯನ್ನು ನೆಟ್ಟಗೆ ಮಾಡಿ, ಡ್ರಮ್ಮಿಗೆ ಹಾಕಿ ಹೋಗಬೇಕು. ಮುಂದಿನ ಟರ್ಮಿಗೆ ಅದೇ ತಂತಿ. ಗುಜರಿಯಿಂದ ಶಿಲ್ಪ ಮಾಡಿ ಗಾಜಿನ ಬೀರುವಿನೊಳಗೆ ಇಟ್ಟರೆ ಅದು ಬೀರುವಿನಲ್ಲಿರೋ ಗುಜರಿ ಅಷ್ಟೇ ಎನ್ನುವುದು ಅವರ ವಾದ. ಫೋಟೋ ಕೂಡ ನಿಷಿದ್ಧ. ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ ಬೀಳಬೇಕು. ಫೋಟೋ ಇದೆ ಅಂತ ಗೊತ್ತಾದ ಕೂಡಲೇ ಕಣ್ಣು ಸೋಮಾರಿಯಾಗುತ್ತದಂತೆ. ಬೇರೆ ಶಾಲೆಯವರು ಬಂದು ಈ ನಿಯಮಗಳನ್ನು ಕೇಳಿ ತಲೆದೂಗಿ ಹೋಗಿದ್ದಾರೆ. ಮೇಷ್ಟ್ರಿಗೆ ಅದರ ಬಗ್ಗೆ ಹೆಮ್ಮೆ, ಹೇಳಿಕೊಳ್ಳದ ಹೆಮ್ಮೆ.

ಕೋಣೆ ಆಯಿತು. ಆದರೂ ಈಗಲೇ ಆಕೆಯನ್ನು ಕರೆಯುವಂತಿಲ್ಲ.

೩

ಮೊದಲು ಒಬ್ಬಳನ್ನು ಸಾಯಿಸಬೇಕು. (ಮುಖ ಸಿಂಡರಿಸಬೇಡಿ. ಬಾಗಿಲಲ್ಲಿರುವವಳು ದಾರಿ ತಪ್ಪಿ ಬಂದವಳು ಎಂದುಕೊಂಡಿರಾ?)

ಕಿಟಕಿ ಪಕ್ಕದ ಸ್ಟೂಲಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಎಡಗೈಯವಳು, ಹಾಗಾಗಿ ಎಲ್ಲರಿಗೂ ಎಡಚಿ. ಕರೆದರೆ ಬೇಸರವಿಲ್ಲದೆ ತಿರುಗುತ್ತಿದ್ದಳು. ಎಲ್ಲರ ಕಟ್ಟೂ ಬಲಕ್ಕೆ ಸುತ್ತಿದ್ದರೆ ಅವಳ ಕಟ್ಟು ಎಡಕ್ಕೆ. ಮೇಷ್ಟ್ರು ಒಂದೆರಡು ಸಲ ತಿದ್ದಲು ನೋಡಿ, ಇದು ಸರಿಹೋಗುವ ಗಿರಾಕಿಯಲ್ಲ ಎಂದು ಕೈಬಿಟ್ಟಿದ್ದರು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಆ ಟರ್ಮಿನಲ್ಲಿ ಏನೋ ದೊಡ್ಡದಾಗಿ ಕಟ್ಟುತ್ತಿದ್ದಳು.

ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಲಾರಿ ಹಾಯಿಸಿದೆ. ತೀರಾ ಗದ್ದಲವಾಯಿತು, ಡಿಲೀಟ್ ಮಾಡಿದೆ. ಎರಡನೆಯ ಡ್ರಾಫ್ಟಿನಲ್ಲಿ ಜ್ವರ. ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು, ಇಳಿಯಲಿಲ್ಲ. ಇಷ್ಟೇ. ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ ನನಗೆ.

೪

ಅದಾದ ಮೇಲೆ ಬಿಚ್ಚುವ ವಾರ ಬಂತು.

ಎಲ್ಲರೂ ತಮ್ಮ ತಮ್ಮದನ್ನು ಬಿಚ್ಚಿದರು. ಕಿಟಕಿ ಪಕ್ಕದ ಮೇಜಿನಲ್ಲಿದ್ದುದನ್ನು ಯಾರೂ ಮುಟ್ಟಲಿಲ್ಲ. ಅರ್ಧಕ್ಕೆ ನಿಂತ ಕೆಲಸ. ಅದನ್ನು ದಾಟಿ ಹೋಗುವಾಗ ಮಕ್ಕಳು ತುಸು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಉದ್ದ ಹುಡುಗ ಎಂದು ಎಲ್ಲರೂ ಕರೆಯುವವನೊಬ್ಬ ಇದನ್ನೇನು ಮಾಡೋದು ಸರ್ ಎಂದು ಕೇಳಿದ್ದ. ನಾನು ನೋಡ್ಕೋತೀನಿ ಎಂದಿದ್ದರು ಮೇಷ್ಟ್ರು.

ಶನಿವಾರ ಮಧ್ಯಾಹ್ನ ಎಲ್ಲರೂ ಹೋದಮೇಲೆ ಅವರು ಬಾಗಿಲು ಹಾಕಿಕೊಂಡು, ಅವಳ ಸ್ಟೂಲಿನಲ್ಲೇ ಕೂತು, ಅದನ್ನು ಬಿಚ್ಚಿದರು. ಹಾಗೆ ಮಾಡುವುದೇ ಅವಳಿಗೆ ಕೊಡುವ ಮರ್ಯಾದೆ ಎಂದು ಅವರಿಗೆ ಅನ್ನಿಸಿತ್ತು. ಸತ್ತಳೆಂದು ಅವಳನ್ನು ಬೇರೆ ಸಾಲಿಗೆ ಸೇರಿಸಬಾರದು, ಎಲ್ಲರಿಗೂ ಒಂದೇ ನಿಯಮ, ಅವಳ ತಂತಿಯೂ ಮುಂದಿನವರ ಕೈಗೆ ಹೋಗಲಿ. ಕಟ್ಟುಗಳೆಲ್ಲ ಉಲ್ಟಾ ಇದ್ದದ್ದರಿಂದ ಬಿಚ್ಚುತ್ತೇನೆ ಎಂದುಕೊಂಡು ಮೊದಮೊದಲು ಇನ್ನಷ್ಟು ಬಿಗಿ ಮಾಡಿದರು. ಬೆರಳು ನೋಯಿತು. ಸಿಟ್ಟೂ ಬಂತು. ಸಂಜೆಯ ಹೊತ್ತಿಗೆ ಎಲ್ಲ ನೆಟ್ಟಗಾಗಿ ಡ್ರಮ್ಮಿಗೆ ಬಿತ್ತು. ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದರು. ತಾನೊಂದು ಸರಿಯಾದ ಕೆಲಸ ಮಾಡಿದೆ ಎಂಬ ಸಮಾಧಾನ ಅವರಿಗಿತ್ತು.

ಹೊಸ ಟರ್ಮು ಶುರುವಾಯಿತು. ಡ್ರಮ್ಮಿನ ತಂತಿಯನ್ನು ಎಲ್ಲರೂ ಹಂಚಿಕೊಂಡರು. ಈಗ ಅದು ಒಬ್ಬನ ಕುದುರೆಯ ಕುತ್ತಿಗೆಯಲ್ಲಿದೆ, ಇನ್ನೊಬ್ಬಳ ದೋಣಿಯ ಪಕ್ಕೆಯಲ್ಲಿದೆ, ಎಲ್ಲೆಲ್ಲಿದೆಯೋ.

ಬನ್ನಿ ಅಮ್ಮಾ, ಒಳಗೆ ಬನ್ನಿ.

೫

ಆಕೆ ಒಳಗೆ ಬಂದಳು. ತಾನು ಯಾರು ಎಂದು ಹೇಳಿದಳು. ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ (ಮಗಳು ಸತ್ತ ಆಸ್ಪತ್ರೆಯಲ್ಲ, ಅಷ್ಟೊಂದು ಕ್ರೌರ್ಯ ನನಗೂ ಬೇಡ), ರಜೆ ಸಿಗಲಿಲ್ಲ, ಸಿಕ್ಕಾಗ ಬರುವ ಮನಸ್ಸಾಗಲಿಲ್ಲ, ಅದಕ್ಕೇ ತಡವಾಯಿತು ಎಂದಳು. ಮನೆಯಲ್ಲಿ ಇದ್ದವರು ತಾಯಿ ಮಗಳು ಇಬ್ಬರೇ. ಹುಡುಗಿ ದಿನಾ ಬೆರಳು ಗೀರಿಸಿಕೊಂಡು ಬರುತ್ತಿದ್ದಳಂತೆ. ಏನು ಮಾಡುತ್ತಿದ್ದೀಯೇ ಎಂದು ಕೇಳಿದರೆ ಮುಗಿದ ಮೇಲೆ ತೋರಿಸ್ತೀನಿ ಎನ್ನುತ್ತಿದ್ದಳಂತೆ. ಮನೆಗೆ ತರಲಂತೂ ಬಿಡುವುದಿಲ್ಲ, ಬಿಚ್ಚುವ ಮೊದಲು ನೀನೇ ಬಂದು ನೋಡಬೇಕು ಎಂದು ಮಾತು ತೆಗೆದುಕೊಂಡಿದ್ದಳಂತೆ.

"ಅದು ಇಲ್ಲೇ ಇರುತ್ತೆ ಅಂದ್ಕೊಂಡು ಬಂದೆ ಸರ್. ಪೂರ್ತಿ ಆಗಿರದಿದ್ರೂ ಪರವಾಗಿಲ್ಲ. ಒಂದ್ಸಲ ನೋಡಿ ಹೋಗ್ತೀನಿ."

ತೆಗೆದುಕೊಂಡು ಹೋಗುತ್ತೇನೆ ಎಂದಿದ್ದರೆ ಮೇಷ್ಟ್ರು ನಿಯಮ ಹೇಳುತ್ತಿದ್ದರೋ ಏನೋ. ಆಕೆ ಕೇಳಿದ್ದು ನೋಡುವುದನ್ನು ಮಾತ್ರ. ಮೇಷ್ಟ್ರು ಆಕೆಗೆ ಕುರ್ಚಿ ಕೊಟ್ಟು, ಒಂದು ನಿಮಿಷ ಅಮ್ಮಾ ಎಂದು ಹೇಳಿ, ನೇರ ನನ್ನ ಹತ್ತಿರ ಬಂದರು.

೬

"ನನ್ನನ್ನ ಯಾಕೆ ಹೀಗೆ ಸಿಕ್ಕಿಸಿದ್ರಿ?"

ಬಿಚ್ಚಿದ್ದು ನೀವಲ್ಲವೇ ಎಂದೆ. ಬಿಚ್ಚುವ ವಾರವನ್ನು ಮಾಡಿದ್ದು ಯಾರು ಎಂದರು. ನಿಯಮ ಚೆನ್ನಾಗಿತ್ತು, ಕಥೆಗೆ ಒದಗುತ್ತದೆ ಅನ್ನಿಸಿತು ಎಂದೆ. ಅವರು ನನ್ನನ್ನು ತೀರಾ ಅಸಹ್ಯದಿಂದ ನೋಡಿದರು. ಕ್ಲಾಸಿನಲ್ಲಿ ಕದ್ದು ಫೋಟೋ ತೆಗೆದವರನ್ನೂ ಅವರು ಹಾಗೆ ನೋಡಿದ್ದಿಲ್ಲ.

"ಹುಡುಗಿ ಸಾಯಲೇಬೇಕಿತ್ತಾ?"

"ಕಥೆಗೆ ಬೇಕಿತ್ತು."

"ಕಥೆ ಬೇಕಿತ್ತಾ?"

(ಉತ್ತರ ಗೊತ್ತಿದ್ದರೆ ಇಲ್ಲೇ ಬರೆದು ಮೆರೆಯುತ್ತಿದ್ದೆ.) ಹಿಂದಕ್ಕೆ ಹೋಗಿ ನಾಲ್ಕನೆಯ ಭಾಗ ಅಳಿಸಿ, ಆ ಶನಿವಾರ ನನಗೆ ಹುಷಾರಿಲ್ಲದ ಹಾಗೆ ಮಾಡಿ ಎಂದು ಮೇಷ್ಟ್ರು ಅಂಗಲಾಚಿದರು. ಆಗುವುದಿಲ್ಲ ಎಂದೆ. ಓದುಗರು ಆಗಲೇ ಓದಿಬಿಟ್ಟಿದ್ದಾರೆ. ನೀವೇ ಹೇಳಿ, ಈಗ ಅಳಿಸಿದರೆ ನೀವು ಮರೆಯುತ್ತೀರಾ?

ಮುಂದಿನದನ್ನಾದರೂ ನನಗೆ ಬಿಡಿ ಎಂದರು. ಅದಕ್ಕೆ ಒಪ್ಪಿದೆ.

೭ (ಮೇಷ್ಟ್ರು ಬೇಡಿದ ಅಂತ್ಯ)

ಮೇಷ್ಟ್ರು ಆಕೆಗೆ ಸೋಮವಾರ ಬರಲು ಹೇಳಿ ಕಳಿಸಿದರು. ಮಕ್ಕಳನ್ನು ಕೂರಿಸಿಕೊಂಡು ಸತ್ಯ ಹೇಳಿದರು. ಎಲ್ಲರೂ ಸೇರಿ ಒಂದು ಹಕ್ಕಿ ಮಾಡಿದರು. ಅರ್ಧ ಹಕ್ಕಿ, ಒಂದೇ ರೆಕ್ಕೆ, ಏಕೆಂದರೆ ಅವಳ ಕೆಲಸ ಮುಗಿದಿರಲಿಲ್ಲವಲ್ಲ. ಕಟ್ಟುಗಳನ್ನು ಎಡಕ್ಕೇ ಸುತ್ತಬೇಕು ಎಂದು ಮೇಷ್ಟ್ರು ಪಟ್ಟು ಹಿಡಿದರು. ಬಲಗೈಯವರೆಲ್ಲ ನಾಲಿಗೆ ಕಚ್ಚಿಕೊಂಡು ಎಡಕ್ಕೆ ಸುತ್ತಿದರು. ಕನ್ನಡಕದ ಹುಡುಗಿಯೊಬ್ಬಳು ಸುತ್ತುತ್ತ ಸುತ್ತುತ್ತ ಅತ್ತಳು.

ತಾಯಿ ಬಂದು ನೋಡಿದಳು. ಮುಟ್ಟಲಿಲ್ಲ. ಸುತ್ತ ಒಂದು ಸಲ ನಡೆದಳು.

"ಹಕ್ಕಿನಾ?" ಎಂದಳು. "ಹಕ್ಕಿ ಅಂದ್ರೆ ಅವಳಿಗೆ ಭಯ ಸರ್. ಚಿಕ್ಕೋಳಿದ್ದಾಗ ಕಾಗೆ ಕುಕ್ಕಿತ್ತು. ಪಾರಿವಾಳ ಬಂದ್ರೂ ಒಳಗೆ ಓಡೋಳು."

ಸಿಕ್ಕಿಬಿದ್ದೆವು ಎಂದೇ ಎಲ್ಲರೂ ತಿಳಿದರು. ಆದರೆ ಆಕೆಯ ಮುಖ ಮೆಲ್ಲಗೆ ಬೆಳಗುತ್ತಿತ್ತು.

"ಹಾಗಾದ್ರೆ ಇಲ್ಲಿಗೆ ಬಂದ್ಮೇಲೆ ಭಯ ಹೋಗಿತ್ತು ಅನ್ನಿ. ನನಗೆ ಗೊತ್ತೇ ಆಗ್ಲಿಲ್ಲ ನೋಡಿ. ಧೈರ್ಯ ಬಂದಿತ್ತು ಅವಳಿಗೆ."

ಆಕೆ ನಕ್ಕಳು. ಮಗಳು ಹೋದಮೇಲೆ ನಕ್ಕಿದ್ದು ಅದೇ ಮೊದಲಿರಬೇಕು. ಮೇಷ್ಟ್ರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು. ಪಾರಿವಾಳಕ್ಕೆ ಹೆದರಿ ಒಳಗೆ ಓಡುತ್ತಿದ್ದ ಹುಡುಗಿಯನ್ನು ಅಲ್ಲೇ ಬಿಟ್ಟು, ಧೈರ್ಯದ ಯಾರೋ ಇನ್ನೊಬ್ಬಳನ್ನು ಕರೆದುಕೊಂಡು ಹೊರಟಳು.

ಈ ಅಂತ್ಯ ನನಗೆ ಪರವಾಗಿಲ್ಲ ಅನ್ನಿಸಿತ್ತು. ಒಂದು ಸ್ಪರ್ಧೆಗಾದರೂ ಕಳಿಸಬಹುದಿತ್ತು. ಮೇಷ್ಟ್ರು ಮಾತ್ರ ಬಾಗಿಲವರೆಗೆ ಹೋದವರು ತಿರುಗಿ ಬಂದು, ಅವರಾಗಿಯೇ ಅದರ ಮೇಲೆ ಗೀಟು ಎಳೆದರು. ನಾನು ಆ ಮಗುವನ್ನ ಎರಡನೇ ಸಲ ಬಿಚ್ಚಿದ ಹಾಗಾಯ್ತು ಎಂದರು.

೮ (ನಾನು ಬರೆದ ಅಂತ್ಯ)

ಸರಿ, ನನ್ನದನ್ನು ನೋಡಿ.

ತಂತಿಯನ್ನು ಎಷ್ಟು ಎಳೆದರೂ ಹಳೆಯ ತಿರುಚು ಪೂರ್ತಿ ಹೋಗುವುದಿಲ್ಲ. ಒಂದೊಂದು ಕಡೆ ಗುರುತು ಉಳಿದಿರುತ್ತದೆ. ಮೇಷ್ಟ್ರು ಮೇಜಿನಿಂದ ಮೇಜಿಗೆ ಹೋಗಿ, ಎಲ್ಲರ ಕೆಲಸವನ್ನೂ ಬೆಳಕಿಗೆ ಹಿಡಿದು, ಎಡಕ್ಕೆ ತಿರುಚಿದ ಗುರುತಿರುವ ತಂತಿಗಳನ್ನು ಹುಡುಕಿದರು. ಮಕ್ಕಳು ಒಬ್ಬೊಬ್ಬರಾಗಿ ಅವನ್ನು ಎಳೆದು ತೆಗೆದು ಕೊಟ್ಟರು. ಕುದುರೆಯ ಕುತ್ತಿಗೆ ಬಾಗಿತು, ದೋಣಿ ಬಾಯಿಬಿಟ್ಟಿತು. ಮೇಷ್ಟ್ರು ಎಲ್ಲವನ್ನೂ ಒಂದು ಕಂತೆ ಮಾಡಿ ತಾಯಿಯ ಕೈಗಿಟ್ಟರು.

ಬರೆದು ಅತ್ತೆ. ಅತ್ತದ್ದರಿಂದ ಅನುಮಾನ ಬಂತು. ಸ್ವಲ್ಪ ಹೊತ್ತು ಬಿಟ್ಟು ಆಕೆಯ ಹಿಂದೆಯೇ ಮನೆಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ. ಕಂತೆಯನ್ನು ಎಲ್ಲಿಡುವುದೆಂದು ಆಕೆಗೆ ತಿಳಿಯಲಿಲ್ಲ. ಮೇಜಿನ ಮೇಲಿಟ್ಟಳು, ತುಕ್ಕು ಹತ್ತಿತು. ಮಂಚದ ಕೆಳಗಿಟ್ಟಳು, ಗುಡಿಸುವಾಗ ಕೈಗೆ ಚುಚ್ಚಿತು. ಅದರ ಮುಂದೆ ಕೂತು ಎಷ್ಟು ನೋಡಿದರೂ ಅದು ತಂತಿಯೇ. ಮಗಳು ಮಾಡಿದ್ದು ತಂತಿಯನ್ನಲ್ಲವಲ್ಲ, ತಂತಿಯಿಂದ ಏನನ್ನೋ.

ಇದನ್ನು ನಾನೇ ಡಿಲೀಟ್ ಮಾಡಿದೆ. ಮೇಷ್ಟ್ರು ಬೇಡ ಎನ್ನಲೂ ಇಲ್ಲ, ಬೇಕು ಎನ್ನಲೂ ಇಲ್ಲ.

೯

ಇಷ್ಟು ಹೊತ್ತೂ ತಾಯಿ ಮೇಷ್ಟ್ರು ಕೊಟ್ಟ ಕುರ್ಚಿಯಲ್ಲೇ ಕೂತಿದ್ದಳು. ಒಂದು ನಿಮಿಷ ಎಂದು ಹೇಳಿ ಹೋದವರು ಎಲ್ಲಿ ಹೋದರೆಂದು ಆಕೆಗೆ ಹೇಗೆ ಗೊತ್ತಾಗಬೇಕು.

ಮೇಷ್ಟ್ರು ಆಕೆಯ ಎದುರು ಬಂದು ನಿಂತರು. ಅದು ಇಲ್ಲ ಎಂದರು. ಇಲ್ಲಿಯ ನಿಯಮ ಹೇಳಿದರು, ಬಿಚ್ಚಿದವನು ತಾನೇ ಎಂದು ಹೇಳಿದರು, ತಂತಿ ಈಗ ಯಾರ ಯಾರ ಕೆಲಸದಲ್ಲೋ ಸೇರಿಹೋಗಿದೆ ಎಂದು ಹೇಳಿದರು. ಒಳ್ಳೆಯದಾಗಲೆಂದೇ ಮಾಡಿದೆ ಎನ್ನುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡರು. ಮಕ್ಕಳು ಇಕ್ಕಳ ಕೆಳಗಿಟ್ಟು ಕೇಳುತ್ತಿದ್ದರು.

ಆಕೆ ಕೂಗಾಡಿದರೆ ತಡೆದುಕೊಳ್ಳಲು ಅವರು ಸಿದ್ಧರಾಗಿದ್ದರು. ಆಕೆ ಕೂಗಾಡಲಿಲ್ಲ. ಚೀಲದ ಹಿಡಿಯನ್ನು ನೀವಿದಳು. ಹೋಗ್ಲಿ ಬಿಡಿ, ಎಲ್ಲರದ್ದೂ ಬಿಚ್ಚೋದೇ ಅಂತ ಅವಳೂ ಹೇಳಿದ್ಳು ಎಂದಳು. ಆಮೇಲೆ ಕೇಳಿದಳು.

"ಏನು ಮಾಡಿದ್ಳು ಸರ್?"

ಮೇಷ್ಟ್ರು ಕಿಟಕಿ ಪಕ್ಕದ ಮೇಜಿನತ್ತ ತಿರುಗಿದರು.

ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. ಶನಿವಾರದ ಬಿಸಿಲು ನೆನಪಾಯಿತು, ಸ್ಟೂಲು ಗಿಡ್ಡವಿದ್ದದ್ದು ನೆನಪಾಯಿತು, ಬೆರಳಿನ ನೋವು ನೆನಪಾಯಿತು. ಮೇಜಿನ ಮೇಲೆ ಇದ್ದದ್ದು ನೆನಪಾಗಲಿಲ್ಲ. ಅವರು ಅದನ್ನು ಕಟ್ಟಿನಿಂದ ಕಟ್ಟಿಗೆ ಬಿಚ್ಚಿದ್ದರೇ ಹೊರತು ಒಮ್ಮೆಯೂ ದೂರ ನಿಂತು ನೋಡಿರಲಿಲ್ಲ. ಕೆಲಸ ಮುಗಿಯುವ ಮೊದಲು ಹತ್ತಿರ ಹೋಗಿ ಇದೇನು ಎಂದು ಕೇಳುವುದು ಅವರ ಪದ್ಧತಿಯೂ ಆಗಿರಲಿಲ್ಲ. ಮಕ್ಕಳತ್ತ ತಿರುಗಿದರು. ಉದ್ದ ಹುಡುಗ, ಪಂಜರದ ಹಾಗಿತ್ತು ಎಂದ. ಕನ್ನಡಕದ ಹುಡುಗಿ, ಪಂಜರ ಅಲ್ಲ, ಮಂಚ ಎಂದಳು. ಇನ್ನೊಬ್ಬ, ಬಗ್ಗಿ ನಿಂತವರ ಬೆನ್ನು ಎಂದ. ಮೂವರೂ ಅಷ್ಟು ಖಚಿತವಾಗಿ ಹೇಳಿ, ಕೊನೆಗೆ ಮೂವರೂ ಗೊತ್ತಿಲ್ಲ ಸರ್ ಎಂದರು.

"ಕಟ್ಟು ಮಾತ್ರ ನೆನಪಿದೆ ಅಮ್ಮಾ," ಎಂದರು ಮೇಷ್ಟ್ರು. "ಎಲ್ಲ ಎಡಕ್ಕೆ ಸುತ್ತಿದ್ಳು. ಬಿಚ್ಚೋಕೆ ನನಗೆ ಬಹಳ ಕಷ್ಟ ಆಯ್ತು. ಸಿಟ್ಟು ಮಾಡ್ಕೊಂಡೆ ಅವಳ ಮೇಲೆ."

"ಗಟ್ಟಿಯಾಗಿ ಕಟ್ಟಿದ್ಳಾ?"

"ಬಹಳ ಗಟ್ಟಿಯಾಗಿ."

"ಏನನ್ನ?"

೧೦

ಇಲ್ಲಿಗೆ ಮುಗಿಸಬಹುದಿತ್ತು. ಒಂದು ಪ್ರಶ್ನೆಯ ಮೇಲೆ ಕಥೆ ನಿಲ್ಲಿಸುವುದು ಈಗ ರೂಢಿ, ಸಂಪಾದಕರಿಗೂ ಇಷ್ಟ. ಆದರೆ ಆಕೆ ಎದ್ದು ಹೋಗಲಿಲ್ಲ. ಅವಳು ಕೂರುತ್ತಿದ್ದ ಜಾಗ ಯಾವುದು ಎಂದು ಕೇಳಿದಳು. ಮೇಷ್ಟ್ರು ಕಿಟಕಿಯ ಕಡೆ ಕೈ ತೋರಿದರು. ಅಲ್ಲಿ ಈ ಟರ್ಮಿಗೆ ಹೊಸದಾಗಿ ಸೇರಿದ ಹುಡುಗಿಯಿದ್ದಳು. ಅವಳು ತನ್ನದನ್ನೆಲ್ಲ ಬಾಚಿಕೊಂಡು ಎದ್ದು ಜಾಗ ಬಿಟ್ಟಳು. ತಾಯಿ ಹೋಗಿ ಆ ಗಿಡ್ಡ ಸ್ಟೂಲಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ನೀವು ಪಾಠ ಮಾಡಿ ಸರ್. ನಿಮಗೆ ನೆನಪಾಗೋ ತನಕ ಇರ್ತೀನಿ. ಮನೇಲೂ ಸುಮ್ನೆ ಕೂತಿರೋದೇ."

ಮೇಷ್ಟ್ರು ನನ್ನ ಕಡೆ ತಿರುಗಿದರು. ಈ ಸಲ ಸಿಟ್ಟಿರಲಿಲ್ಲ. ದನಿಯೇ ಇಲ್ಲದ ಹಾಗೆ ಕೇಳಿದರು.

"ನಿಮಗಾದ್ರೂ ಗೊತ್ತಾ?"

ಮೂರನೆಯ ಭಾಗಕ್ಕೆ ಹೋಗಿ ನೋಡಿದೆ. ನೀವೂ ಬೇಕಾದರೆ ಹೋಗಿ ನೋಡಿ. ಎಡಗೈ ಎಂದು ಬರೆದಿದ್ದೇನೆ, ಅದು ಮುಂದೆ ಕಥೆಗೆ ಬೇಕಾಗುತ್ತದೆ ಎಂದು. ಜ್ವರ ಎಂದು ಬರೆದಿದ್ದೇನೆ. ಏನೋ ದೊಡ್ಡದಾಗಿ ಕಟ್ಟುತ್ತಿದ್ದಳು ಎಂದು ಬರೆದಿದ್ದೇನೆ. ಏನೋ. ಹೇಗೂ ಮುಂದಿನ ಭಾಗದಲ್ಲಿ ಬಿಚ್ಚಿಹೋಗುವುದಲ್ಲ ಎಂದು ಅದೇನು ಎನ್ನುವುದನ್ನು ನಾನು ಯೋಚಿಸಲೇ ಇಲ್ಲ. ಹಳೆಯ ಡ್ರಾಫ್ಟುಗಳನ್ನೆಲ್ಲ ತೆರೆದೆ, ಲಾರಿಯದ್ದನ್ನೂ. ಅಲ್ಲೂ ಇಲ್ಲ. ಆ ಹುಡುಗಿ ತನ್ನ ಬದುಕಿನ ಕೊನೆಯ ತಿಂಗಳುಗಳಲ್ಲಿ ಬೆರಳು ಗೀರಿಕೊಂಡು ಏನು ಮಾಡುತ್ತಿದ್ದಳು ಎಂದು ತಿಳಿದವರು ಈಗ ಎಲ್ಲೂ ಇಲ್ಲ.

ಈಗಲೂ ಬರೆಯಬಹುದು, ನಿಜ. ಮಂಚ ಎಂದರೆ ಮಂಚ, ಬೆನ್ನು ಎಂದರೆ ಬೆನ್ನು. ಆಕೆ ನಂಬುತ್ತಾಳೆ. ನಾನು ಏನು ಬರೆದರೂ ಆಕೆ ನಂಬುತ್ತಾಳೆ, ಹಕ್ಕಿಯನ್ನೇ ನಂಬಿದವಳು. ಬರೆಯಲು ಹೋದ ಕೈ ಅಲ್ಲೇ ನಿಂತಿದೆ.

ಗೊತ್ತಿಲ್ಲ ಎಂದೆ. ಮೇಷ್ಟ್ರು ಅದನ್ನು ಆಕೆಗೆ ಹೇಳಲಿಲ್ಲ. ಡ್ರಮ್ಮಿನಿಂದ ಒಂದು ಸೊಟ್ಟ ತಂತಿ ತೆಗೆದು, ತುದಿಯನ್ನು ವೈಸಿಗೆ ಕಚ್ಚಿಸಿ, ಹೊಸ ಹುಡುಗಿಗೆ ಎಳೆಯುವುದು ಹೇಗೆಂದು ಮತ್ತೆ ತೋರಿಸತೊಡಗಿದರು. ಆಮೇಲೆ ಕುದುರೆಯವನ ಹತ್ತಿರ ಹೋದರು, ಆಮೇಲೆ ದೋಣಿಯವಳ ಹತ್ತಿರ. ಪಾಠ ನಡೆದಿದೆ. ಮುಗಿಯಿತು ಎಂದು ಬರೆದು ಫೈಲು ಮುಚ್ಚೋಣವೆಂದರೆ ಆಕೆ ಇನ್ನೂ ಕೂತಿದ್ದಾಳೆ. ಮೇಷ್ಟ್ರು ಕಿಟಕಿಯ ಹತ್ತಿರ ಸುಳಿದಾಗಲೆಲ್ಲ ತಲೆ ಎತ್ತಿ ನೋಡುತ್ತಾಳೆ.